ಗೇರುಹಣ್ಣಿನ ಬಣ್ಣದ ನೂಲು ಮುಗಿಯಿತು

ಮೊನ್ನೆ ಶನಿವಾರ ಕೊನೆಯ ಲಡಿ ಅಂಚೆಗೆ ಹೋಯಿತು. ಧಾರವಾಡದ ಟೀಚರೊಬ್ಬರು ತರಿಸಿಕೊಂಡದ್ದು. ಪೊಟ್ಟಣ ತೂಗುತ್ತಾ ಕೌಂಟರಿನ ಹುಡುಗಿ, "ಅಕ್ಕಾ, ಇನ್ನು ನೀವು ಬರೂದಿಲ್ವಾ?" ಅಂತ ಕೇಳಿದಳು. ಈ ವರ್ಷಕ್ಕೆ ಮುಗಿಯಿತು ಮಾರಾಯ್ತಿ ಅಂದೆ. ಮನೆಗೆ ಬಂದು ಪುಸ್ತಕ ತೆಗೆದು ಕೂಡಿಸಿದೆ. 412 ಲಡಿ. ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಕೂಡಿಸಿದೆ. ಅಷ್ಟೇ ಬಂತು.

ಊರಿನ ಹೆಂಗಸರ ಸ್ತನ ಕ್ಯಾನ್ಸರ್ ತಪಾಸಣೆಗೆ ದುಡ್ಡು ಕೂಡಿಸಲು ನಾವು ಬಣ್ಣ ಹಾಕಿ ಮಾರಿದ ನೂಲು ಇದು. ಕೊಂಡವರಿಗೆ ಲೆಕ್ಕ ಒಪ್ಪಿಸಬೇಕು, ಜೊತೆಗಿದ್ದವರಿಗೆ ಥ್ಯಾಂಕ್ಸ್ ಹೇಳಬೇಕು. ಅದಕ್ಕೆ ಈ ಬರಹ.

ನನ್ನ ಸ್ತನ ಕ್ಯಾನ್ಸರಿನ ಕಥೆ ಇಲ್ಲಿ ಹೇಳುವುದಿಲ್ಲ. ನಿಮಗೆಲ್ಲ ಗೊತ್ತೇ ಉಂಟು. ಎಷ್ಟನೇ ಸ್ಟೇಜು, ಎಷ್ಟು ಕೀಮೋ, ಕೂದಲು ಯಾವಾಗ ಬಂತು ಅಂತ ಮದುವೆ ಮನೆಯಲ್ಲೂ ಬಸ್ಸಿನಲ್ಲೂ ಹೇಳಿ ಹೇಳಿ ಬಾಯಿ ಸೋತಿದೆ. ಒಂದು ಪ್ರಶ್ನೆಗೆ ಮಾತ್ರ ಉತ್ತರ ಬಾಕಿ ಇದೆ. "ಎಂಡೋಸಲ್ಫಾನಿಂದ ಬಂದದ್ದಾ?" ಕಾಸರಗೋಡಿನ ಈ ಭಾಗದಲ್ಲಿ ಯಾರಿಗೆ ಏನು ಬಂದರೂ ಮೊದಲು ಕೇಳುವುದು ಅದನ್ನೇ. ತಪ್ಪಲ್ಲ. 2000ದ ತನಕ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಆ ಕೀಟನಾಶಕ ಸಿಂಪಡಿಸಿದ್ದನ್ನು ನಾನೇ ಅಂಗಳದಲ್ಲಿ ನಿಂತು ನೋಡಿದ್ದೇನೆ. ಚಿಕ್ಕವರಿದ್ದಾಗ ಕೈ ಬೀಸುತ್ತಿದ್ದೆವು. ಆದರೆ ನನಗೆ ಬಂದದ್ದು ಅದರಿಂದಲೇ ಅಂತ ಯಾವ ಡಾಕ್ಟರೂ ಹೇಳಿಲ್ಲ, ಅಲ್ಲ ಅಂತಲೂ ಹೇಳಿಲ್ಲ. ಅಷ್ಟೇ ಉತ್ತರ. ಇನ್ನು ಕೇಳಬೇಡಿ.

ಈಗ ಲೆಕ್ಕ. ಒಂದು ಲಡಿಗೆ ನಾವು 320 ರೂಪಾಯಿ ಇಟ್ಟದ್ದು. ನೂಲು, ಬಣ್ಣ, ಸೌದೆ, ಅಂಚೆ ಎಲ್ಲ ಕಳೆದು 120 ಉಳಿಯಿತು. 412ಕ್ಕೆ 49,440. ನೂಲು ಬೇಡ, ದುಡ್ಡು ಮಾತ್ರ ಇಟ್ಟುಕೊಳ್ಳಿ ಅಂದವರಿಂದ 18,500. ಒಟ್ಟು 67,940 ರೂಪಾಯಿ. ಅದರಲ್ಲಿ 63 ಮಂದಿ ಹೆಂಗಸರನ್ನು ನಾಲ್ಕು ಸಲ ಗಾಡಿ ಮಾಡಿ ತಪಾಸಣೆಗೆ ಕರೆದುಕೊಂಡು ಹೋದೆವು. ಗಾಡಿಗೆ 18,000. ಮತ್ತೆ ಒಬ್ಬೊಬ್ಬರಿಗೆ 350ರ ಹಾಗೆ 22,050.

ಆ 350 ಯಾಕೆ ಅಂತ ಕೆಲವರು ಕೇಳಿದ್ದೀರಿ. "ತಪಾಸಣೆಗೆ ಬರಲಿಕ್ಕೂ ದುಡ್ಡು ಕೊಡಬೇಕಾ?" ಕೊಡಬೇಕು. ನಮ್ಮ ಕಡೆ ಮನೆ ಮನೆಯಲ್ಲಿ ಬೀಡಿ ಕಟ್ಟುವವರು ಇದ್ದಾರೆ. ಒಂದು ದಿನ ತಡ್ಪೆ (ಬೀಡಿ ಕಟ್ಟುವ ಮೊರ) ಬದಿಗಿಟ್ಟರೆ ಆ ದಿನದ ಸಂಪಾದನೆ ಹೋಯಿತು. ಎಲ್ಲಿಯೂ ನೋಯದ ಹೆಂಗಸು, ಸಂಪಾದನೆ ಬಿಟ್ಟು, ಬಟ್ಟೆ ಬಿಚ್ಚಿ ಯಾರಿಗೋ ತೋರಿಸಲು ಯಾಕೆ ಬರುತ್ತಾಳೆ? ಮೊದಲನೆಯ ಸಲ ಸುಮ್ನೆ ಬನ್ನಿ ಅಂತ ಕರೆದಾಗ ಮೂರೇ ಜನ ಹೆಸರು ಕೊಟ್ಟದ್ದು. ದಿನದ ಲೆಕ್ಕ ಕೊಡುತ್ತೇವೆ ಅಂದ ಮೇಲೆ ಗಾಡಿ ತುಂಬಿತು. ಒಬ್ಬರಂತೂ ತಡ್ಪೆ ಹಿಡಿದುಕೊಂಡೇ ಗಾಡಿ ಹತ್ತಿದರು. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಕಟ್ಟುತ್ತೇನೆ ಅಂತ. ಅಲ್ಲಿ ಬಿಡಲಿಕ್ಕಿಲ್ಲ ಅಂತ ಇಳಿಸಿ ಇಡಬೇಕಾಯಿತು.

ಒಂಬತ್ತು ಜನರಿಗೆ ಮುಂದಿನ ಪರೀಕ್ಷೆ ಬೇಕಾಯಿತು. ಅದಕ್ಕೆ 21,600. ಕೈಯಲ್ಲಿ ಉಳಿದದ್ದು 6,290. ಚೀಟಿಗಳೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಉಂಟು, ಬಂದು ನೋಡಬಹುದು.

ಒಂಬತ್ತರಲ್ಲಿ ಎಂಟು ಜನರದ್ದು ಏನೂ ಅಲ್ಲದ ಗಂಟು. ಒಬ್ಬರದ್ದು ಹಾಗಲ್ಲ. ಆದರೆ ಚಿಕ್ಕದಿರುವಾಗಲೇ ಸಿಕ್ಕಿತು. ಈಗ ತಲಶ್ಶೇರಿಯ ಕ್ಯಾನ್ಸರ್ ಆಸ್ಪತ್ರೆಗೆ ರೈಲಿನಲ್ಲಿ ಹೋಗಿ ಬರುತ್ತಿದ್ದಾರೆ. ಅವರ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ, ಯಾರೆಂದು ಊಹಿಸಲೂ ಹೋಗಬೇಡಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗಳಿಗೆ ಸ್ಲೀಪರಿನಲ್ಲಿ ರೈಲ್ವೆ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೂ ಮುಕ್ಕಾಲು ಪಾಲು ರಿಯಾಯಿತಿ ಉಂಟು. ಆಸ್ಪತ್ರೆಯಿಂದ ಫಾರಂ ತುಂಬಿಸಿಕೊಂಡು ಬರಬೇಕು, ಅಷ್ಟೆ. ನನಗೆ ಇದು ಗೊತ್ತಾದದ್ದು ನನ್ನ ಓಡಾಟವೆಲ್ಲ ಮುಗಿದ ಮೇಲೆ! ನಿಮ್ಮಲ್ಲಿ ಯಾರಿಗಾದರೂ ಬೇಕಾದೀತು ಅಂತ ಬರೆದೆ.

ಇನ್ನು ಥ್ಯಾಂಕ್ಸ್. ಬಣ್ಣಕ್ಕೆ ಬೇಕಾದ ಚೊಗರನ್ನು (ಕೆಂಪಡಿಕೆ ಬೇಯಿಸಿದ ನೀರು) ಕ್ಯಾನಿನಲ್ಲಿ ತುಂಬಿಸಿ ಬಸ್ಸಿಗೆ ಹಾಕಿ ಕಳಿಸಿದ ಸಾಗರದ ದೊಡ್ಡಮ್ಮನ ಮಗಳಿಗೆ, ಪೊಟ್ಟಣದ ವಿಳಾಸ ಬರೆದ ನನ್ನ ಮಗನಿಗೆ, ಅಡುಗೆ ಕಲಿತುಬಿಟ್ಟ ನಮ್ಮವರಿಗೆ, ಲಡಿಯ ಜೊತೆ ಕಳಿಸಿದ ಚೀಟಿಯ ಮಲಯಾಳ ತಿದ್ದಿದ ಶಾಲೆಯ ಮಾಷ್ಟ್ರಿಗೆ, ಬೆಂಗಳೂರಿನಲ್ಲಿ ಕ್ರೋಶಾ ಹಾಕುವ ಗೆಳತಿಯರ ದಂಡಿಗೆ, ಎಲ್ಲರಿಗೂ. ನಿಮಗೆಲ್ಲ ಒಂದೇ ಸಾಲಿನಲ್ಲಿ ಮುಗಿಸಿದ್ದಕ್ಕೆ ಬೇಸರ ಬೇಡ.

ನೀರು ಕೊಟ್ಟ ಮೇಲಿನ ಮನೆ ಅಣ್ಣನಿಗೆ ಮಾತ್ರ ಬೇರೆಯಾಗಿ ಹೇಳಬೇಕು. ಚೊಗರಿನಲ್ಲಿ ಅದ್ದಿದ ಮೊದಲ ಇಪ್ಪತ್ತು ಲಡಿ ಬೂದಿ ಬಣ್ಣಕ್ಕೆ ತಿರುಗಿತ್ತು. ಬಣ್ಣ ಹಿಡಿಯಲಿ ಅಂತ ಅಣಲೆಕಾಯಿ ನೀರಿನಲ್ಲಿ ರಾತ್ರಿಯಿಡೀ ನೆನೆಸಿದ್ದೆವು, ಪಟಿಕ ಹಾಕಿದ್ದೆವು (ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ). ಎಲ್ಲ ಸರಿ ಇತ್ತು. ತಪ್ಪಿದ್ದು ನಮ್ಮ ಬೋರ್‌ವೆಲ್ ನೀರಿನಲ್ಲಿ. ಅದರಲ್ಲಿ ಕಬ್ಬಿಣ ಜಾಸ್ತಿ. ಚೊಗರಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ, ಅಣಲೆಕಾಯಿಗೂ ಹಾಗೆಯೇ. ಮೇಲಿನ ಮನೆಯವರಿಗೆ ಗುಡ್ಡೆಯಲ್ಲಿ ಅಜ್ಜನ ಕಾಲದ ಸುರಂಗ ಇದೆ. ಮುರಕಲ್ಲು ಕೊರೆದು ಅಡ್ಡಕ್ಕೆ ಒಳಗೆ ಹೋದದ್ದು, ಪಂಪು ಬೇಡ, ತಾನಾಗಿ ಹರಿದು ಬರುವ ನೀರು. ಅಣ್ಣ ಒಂದು ಪೈಪು ಎಳೆದು ನಮ್ಮ ಅಂಗಳಕ್ಕೆ ಬಿಟ್ಟರು. ಏಪ್ರಿಲಿನಲ್ಲಿ ಅವರ ತೋಟಕ್ಕೇ ಸಾಲದಿದ್ದಾಗಲೂ ನಿಲ್ಲಿಸಲಿಲ್ಲ. ಆ ನೀರಿನಲ್ಲಿ ಬಣ್ಣ ಕೂತಿತು. ಅಚ್ಚುಕಟ್ಟಾಗಿ, ಗೇರುಹಣ್ಣು ಹಳದಿಯಿಂದ ಕೆಂಪಿಗೆ ತಿರುಗುವಾಗ ಇರುತ್ತದಲ್ಲ, ಹಾಗೆ.

ಈ ಬಣ್ಣದ ಬಗ್ಗೆ ಜಗಳಗಳೂ ಆಗಿವೆ. ಅಕ್ಟೋಬರ್ ಸ್ತನ ಕ್ಯಾನ್ಸರ್ ತಿಂಗಳು, ಗುಲಾಬಿ ಬಣ್ಣವೇ ಮಾಡಿ ಅಂತ ಬೆಂಗಳೂರಿನವರು ಹಟ ಹಿಡಿದಿದ್ದರು. ಮಾಡಿಯೂ ನೋಡಿದೆವು. ನಮ್ಮ ಕಡೆ ಹೋಟೆಲುಗಳಲ್ಲಿ ಕುಡಿಯಲು ಕೆಂಪು ನೀರು ಕೊಡುತ್ತಾರಲ್ಲ, ಆ ಪತಿಮುಗಂ ಚಕ್ಕೆಯಿಂದ ಒಳ್ಳೆ ಗುಲಾಬಿ ಬರುತ್ತದೆ. ಆದರೆ ಸೋಪು ತಾಗಿದರೆ ನೇರಳೆಗೆ ತಿರುಗುತ್ತದೆ, ಬಿಸಿಲಿಗಿಟ್ಟರೆ ಮಾಸುತ್ತದೆ. ಮಾಸುವ ಬಣ್ಣ ಮಾರಲು ಮನಸ್ಸಾಗಲಿಲ್ಲ.

ಆಗಲೇ ಮಗ ಒಂದು ಸಂಗತಿ ಹುಡುಕಿ ತಂದ. ಸ್ತನ ಕ್ಯಾನ್ಸರಿನ ಗುರುತು ಅಂತ ಗುಲಾಬಿ ರಿಬ್ಬನ್ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದು ಮೊದಲು ಗುಲಾಬಿಯೇ ಆಗಿರಲಿಲ್ಲವಂತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಷಾರ್ಲಟ್ ಹೇಲಿ ಅಂತ ಒಬ್ಬರು ಇದ್ದರು. ಅವರ ಅಜ್ಜಿಗೆ, ಅಕ್ಕತಂಗಿಯೊಬ್ಬರಿಗೆ, ಮಗಳಿಗೆ ಸ್ತನ ಕ್ಯಾನ್ಸರ್ ಬಂದಿತ್ತು. 1990ರ ದಶಕದ ಶುರುವಿನಲ್ಲಿ ಅವರು ಊಟದ ಮೇಜಿನ ಎದುರು ಕೂತು ಪೀಚ್ ಬಣ್ಣದ ರಿಬ್ಬನ್ ಕತ್ತರಿಸಿ, ಐದೈದನ್ನು ಒಂದು ಚೀಟಿಗೆ ಸಿಕ್ಕಿಸಿ ಹಂಚುತ್ತಿದ್ದರು. ಸರಕಾರದ ಕ್ಯಾನ್ಸರ್ ಬಜೆಟ್ಟಿನಲ್ಲಿ ಶೇಕಡ 5 ಮಾತ್ರ ರೋಗ ತಡೆಯಲು ಹೋಗುತ್ತಿದೆ ಅಂತ ಆ ಚೀಟಿಯಲ್ಲಿತ್ತು. 1992ರಲ್ಲಿ ಒಂದು ಪತ್ರಿಕೆ, ಒಂದು ಸೌಂದರ್ಯ ಸಾಮಗ್ರಿ ಕಂಪನಿ ಸೇರಿ ಆ ರಿಬ್ಬನ್ ನಮಗೆ ಕೊಡಿ ಅಂತ ಬಂದವು. ವ್ಯಾಪಾರ ಆಗಿಬಿಡುತ್ತದೆ ಅಂತ ಆಕೆ ಒಪ್ಪಲಿಲ್ಲ. ಆಗ ಅವರು ಬೇರೆ ಬಣ್ಣ ಆರಿಸಿಕೊಂಡರು. ಅದು ಗುಲಾಬಿ.

ಪೀಚ್ ಅಂದರೆ ಯಾವ ಬಣ್ಣ ಅಂತ ಗೂಗಲಿನಲ್ಲಿ ನೋಡಿದೆವು. ಅಂಗಳದಲ್ಲಿ ಒಣಗುತ್ತಿದ್ದ ನಮ್ಮ ನೂಲಿನದ್ದೇ! ಪೀಚ್ ಹಣ್ಣು ಕಂಡವರು ನಮ್ಮಲ್ಲಿ ಯಾರಿದ್ದಾರೆ? ನೆರೆಮನೆಯ ಏಚ್ಚಿ ಬಂದು ನೋಡಿ, "ಇದು ಗೇರುಹಣ್ಣಿನ ಬಣ್ಣ" ಅಂದರು. ಅದೇ ಹೆಸರಾಯಿತು. ಗೇರು ಅಂದರೆ ಇಲ್ಲಿನವರಿಗೆ ಏನೇನು ನೆನಪಾಗುತ್ತದೆ ಅಂತ ಗೊತ್ತಿಲ್ಲವಾ, ಬೇರೆ ಹೆಸರಿಡಿ ಅಂತ ಒಬ್ಬರು ಬೈದರು. ನೆನಪಾಗಲಿ ಅಂತ ಬಿಟ್ಟೆ.

ಏಚ್ಚಿ. ಈ ಬರಹಕ್ಕೆ ಕೂತದ್ದೇ ಅವರಿಗಾಗಿ. ಹೆಸರು ಹಾಕಬಾರದು ಅಂತ ಹೇಳಿದ್ದಾರೆ. ಊರಿನವರೆಲ್ಲ ಕರೆಯುವುದು ಏಚ್ಚಿ ಅಂತಲೇ, ಮಲಯಾಳದ ಅಕ್ಕ. ನಮ್ಮ ಮನೆಯಿಂದ ಎರಡು ಗದ್ದೆ ದಾಟಿದರೆ ಅವರ ಮನೆ. ಮೂವತ್ತು ವರ್ಷ ಕಾಸರಗೋಡು ಸೀರೆ ನೇಯ್ದವರು. ಈ ಊರಿನದ್ದೇ ಅನ್ನುವ ಜಿಐ ಗುರುತು ಸಿಕ್ಕಿದ ಸೀರೆ ಅಂತ ನಾವು ಹೆಮ್ಮೆ ಪಡುತ್ತೇವೆ, ಮಗ್ಗದ ಮುಂದೆ ಕೂರುವವರು ಮಾತ್ರ ವರ್ಷ ವರ್ಷ ಕಡಿಮೆ. ಏಚ್ಚಿಯ ಮಂಡಿ ಹೋಯಿತು, ಮಗ್ಗ ಬಿಟ್ಟರು. ನೂಲು ಬಿಡಲಿಲ್ಲ.

ಆ ರಾತ್ರಿಯ ಬಗ್ಗೆ ಈ ತನಕ ಎಲ್ಲಿಯೂ ಬರೆದಿಲ್ಲ. ಮೂರನೆಯ ಕೀಮೋ ಆಗಿ ಒಂಬತ್ತನೆಯ ದಿನ, ಜುಲೈ ತಿಂಗಳು. ನಮ್ಮವರು ಮಗನನ್ನು ಕಾಲೇಜಿಗೆ ಸೇರಿಸಲು ಬೆಂಗಳೂರಿಗೆ ಹೋಗಿದ್ದರು. ಹೋಗಲೇಬೇಕು ಅಂತ ಹಟ ಮಾಡಿದವಳು ನಾನೇ. ಸಂಜೆಯಿಂದ ಗಾಳಿ ಮಳೆ. ಎಂಟಕ್ಕೆ ಕರೆಂಟು ಹೋಯಿತು. ಹತ್ತಕ್ಕೆ ಜ್ವರ ನೋಡಿದರೆ 101. 100.4 ದಾಟಿದರೆ ಬೆಳಗಾಗುವ ತನಕ ಕಾಯಬೇಡಿ ಅಂತ ಆಸ್ಪತ್ರೆಯವರು ಮೊದಲೇ ಹೇಳಿದ್ದರು. ಫೋನು ಮಾಡಿದೆ. ಕೂಡಲೇ ಬನ್ನಿ ಅಂದರು. ಆಟೋದವನು ಹೊರಟ, ಅರ್ಧ ದಾರಿಯಲ್ಲಿ ಫೋನು ಮಾಡಿದ. ತಿರುವಿನಲ್ಲಿ ದೊಡ್ಡ ಧೂಪದ ಮರ ಬಿದ್ದಿದೆ, ಕರೆಂಟಿನ ತಂತಿಯೂ ಅದರಡಿ. ಲೈನ್‌ಮನ್ ಬರದೆ ಯಾರೂ ಮುಟ್ಟುವ ಹಾಗಿಲ್ಲ.

ಏಚ್ಚಿಗೆ ಯಾರು ಹೇಳಿದರೋ ಗೊತ್ತಿಲ್ಲ. ನೀರು ತುಂಬಿದ ಗದ್ದೆಯ ಬದುವಿನಲ್ಲಿ, ಆ ಮಂಡಿ ಇಟ್ಟುಕೊಂಡು, ಟಾರ್ಚು ಹಿಡಿದು ಬಂದರು. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಅದರಲ್ಲಿ ಬಿಳಿ ನೂಲಿನ ಲಡಿಗಳು. ಬಟ್ಟೆ ಬದಲಿಸಿದರು, ಕೈಗೆ ಸೋಪು ಹಾಕಿ ಎರಡೆರಡು ಸಲ ತೊಳೆದುಕೊಂಡರು, ಮುಖಕ್ಕೆ ಬಟ್ಟೆ ಕಟ್ಟಿಕೊಂಡರು. ಪೇಡಿಕ್ಕಂಡ, ಹೆದರಬೇಡ, ಅಂತ ಒಂದು ಮಾತು ಆಡಲಿಲ್ಲ. "ಕೈ ಚಾಚು ಮೋಳೇ", ಮಗಳೇ, ಅಂದರು. ನನ್ನ ಎರಡೂ ಕೈಗೆ ಲಡಿ ಸಿಕ್ಕಿಸಿ ಎದುರಿಗೆ ಕೂತು ಉಂಡೆ ಸುತ್ತಲು ಶುರು ಮಾಡಿದರು.

ನನಗೆ ಚಳಿ ಜ್ವರ. ಹಲ್ಲು ಕಟಕಟ ಅನ್ನುತ್ತಿತ್ತು. ಬೆರಳ ತುದಿ ಮೊದಲೇ ಜೋಮು ಹಿಡಿದದ್ದು, ನೂಲು ತಾಗುವುದೇ ಗೊತ್ತಾಗುತ್ತಿರಲಿಲ್ಲ. ಕೈ ಇಳಿಯುತ್ತದೆ, ಏಚ್ಚಿ "ಮೇಲೆ" ಅನ್ನುತ್ತಾರೆ. ಮತ್ತೆ ಇಳಿಯುತ್ತದೆ, ಮತ್ತೆ "ಮೇಲೆ". ಕಣ್ಣು ಮುಚ್ಚಿದರೆ, "ಎಳೆ ಎಲ್ಲಿಗೆ ಬಂತು ನೋಡು" ಅನ್ನುತ್ತಾರೆ. ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ, ಆಸ್ಪತ್ರೆಗೆ ಫೋನು ಮಾಡಿ, ಅವರ ಮುರಿದ ಕನ್ನಡದಲ್ಲಿ ನಂಬರು ಹೇಳುತ್ತಾರೆ. ಬಂದು ಮತ್ತೆ ಸುತ್ತುತ್ತಾರೆ.

ಒಂದು ಗಂಟೆ ದಾಟಿತ್ತು. ನನಗೆ ಸಾಕಾಯಿತು. ಕೈಯಲ್ಲಿದ್ದ ಲಡಿ ಕಿತ್ತು ಬಿಸಾಡಿದೆ. "ನಿಮಗೇನು ಏಚ್ಚಿ, ನಿಮಗೆ ಬಂದಿಲ್ವಲ್ಲ" ಅಂದೆ. ಮರ ಸರಿಯದಿರಲಿ, ಗಾಡಿ ಬರದಿರಲಿ, ಇಲ್ಲಿಯೇ ಮುಗಿಯಲಿ ಅಂತಲೂ ಅಂದೆ. ಮಗನ ಹೆಸರು ಹಿಡಿದು ಏನೇನೋ ಅಂದೆ. ಅದನ್ನು ಇಲ್ಲಿ ಬರೆಯಲಾರೆ.

ಏಚ್ಚಿ ಎದ್ದು ಲಡಿ ಹೆಕ್ಕಿದರು. ಸಿಕ್ಕಾಗಿತ್ತು. ಕ್ಯಾಂಡಲಿನ ಬೆಳಕಿನಲ್ಲಿ ಒಂದೊಂದೇ ಎಳೆ ಬಿಡಿಸಿದರು. ತುಂಬಾ ಹೊತ್ತಾದ ಮೇಲೆ, ನನ್ನ ಮುಖ ನೋಡದೆ, ಅವರ ಅಕ್ಕನ ಕಥೆ ಹೇಳಿದರು. ಅಕ್ಕನೂ ಮಗ್ಗದವರೇ. 1994ರಲ್ಲಿ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತ್ತಂತೆ. ಮಗ್ಗದ ಮರ ತಾಗಿ ತಾಗಿ ಆದದ್ದು ಅಂದುಕೊಂಡರು. ನೋವಿರಲಿಲ್ಲ. ಒಂದು ವರ್ಷ ಯಾರಿಗೂ ಹೇಳಲಿಲ್ಲ. ಕೊನೆಗೆ ಮನೆಯವರಿಗೆ ತಿಳಿದದ್ದು ಹುಣ್ಣಿನ ವಾಸನೆಯಿಂದ.

"ನೋವಿದ್ದಿದ್ದರೆ ಹೇಳುತ್ತಿದ್ದಳು" ಅಂದರು ಏಚ್ಚಿ. ಅಷ್ಟು ಹೇಳಿ, "ಕೈ ಚಾಚು" ಅಂದರು.

ಚಾಚಿದೆ.

ನಾಲ್ಕೂವರೆಗೆ ದೂರದಲ್ಲಿ ಮರ ಕೊಯ್ಯುವ ಮೆಷಿನ್ನಿನ ಸದ್ದು ಕೇಳಿತು. ಲೈನ್‌ಮನ್ ಬಂದು ಲೈನ್ ಆಫ್ ಮಾಡಿದ ಮೇಲೆ, ಕ್ಲಬ್ಬಿನ ಹುಡುಗರು ಮಳೆಯಲ್ಲೇ ಮರ ಕೊಯ್ದು ದಾರಿ ಮಾಡಿದ್ದರು. (ಹುಡುಗರೇ, ನಿಮ್ಮ ವಾಲಿಬಾಲ್ ನೆಟ್ಟಿನ ಬಾಬ್ತು ನಾನು ಮರೆತಿಲ್ಲ.) ಗಾಡಿಯಲ್ಲಿ ಏಚ್ಚಿಯ ಭುಜಕ್ಕೆ ಒರಗಿಕೊಂಡು ಹೋದೆ. ಐದು ದಿನ ಆಸ್ಪತ್ರೆಯಲ್ಲಿ. ನಮ್ಮವರು ಬಂದು ಸೇರುವ ತನಕ ಏಚ್ಚಿ ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದರಂತೆ, ಮಡಿಲಲ್ಲಿ ಮೂರು ಉಂಡೆ ಇಟ್ಟುಕೊಂಡು. ಆ ಮೂರೂ ಈಗ ನನ್ನ ಬೀರುವಿನಲ್ಲಿ ಇವೆ. 412ರ ಲೆಕ್ಕದಲ್ಲಿ ಸೇರಿಲ್ಲ.

ಇಲ್ಲಿಯ ತನಕ ಬರೆದು ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ ಬಂದೆ. ಈಗ ಪರವಾಗಿಲ್ಲ.

ಪ್ರತಿ ಲಡಿಯ ಜೊತೆ ನಿಮಗೆ ಒಂದು ಚೀಟಿ ಬಂದಿತ್ತಲ್ಲ, ಕನ್ನಡ, ಮಲಯಾಳ, ತುಳು ಮೂರರಲ್ಲೂ? "ನೋವಿಲ್ಲದ ಗಂಟನ್ನೂ ತೋರಿಸಿ" ಅಂತ. ಎಷ್ಟು ಒಳ್ಳೆಯ ಸಾಲು, ಯಾರು ಬರೆದದ್ದು ಅಂತ ತುಂಬಾ ಜನ ಕೇಳಿದ್ದೀರಿ. ಯಾರೂ ಬರೆದದ್ದಲ್ಲ. ಅದರ ಕೆಳಗಿನದ್ದು ಮಾತ್ರ ನಾನು ಡಾಕ್ಟರ ಹತ್ತಿರ ಕೇಳಿ ಬರೆದೆ: ಚರ್ಮದಲ್ಲಿ ಗುಳಿ ಬಿದ್ದರೆ, ತೊಟ್ಟು ಒಳಕ್ಕೆ ಎಳೆದುಕೊಂಡರೆ, ತೊಟ್ಟಿನಿಂದ ರಕ್ತ ಬಂದರೆ, ಕಂಕುಳಲ್ಲಿ ಗಂಟು ಸಿಕ್ಕಿದರೆ ಹೋಗಿ ತೋರಿಸಿ. ಗಂಟೆಲ್ಲ ಕ್ಯಾನ್ಸರ್ ಅಲ್ಲ, ಅದನ್ನು ನೋಡಿ ಹೇಳಬೇಕಾದದ್ದು ಡಾಕ್ಟರು. ನಾನೇ ನಾಲ್ಕು ತಿಂಗಳು ಸುಮ್ಮನಿದ್ದವಳು. ನೋವಿಲ್ಲ ಅಂತಲೇ.

ಬಣ್ಣದ ಕೆಲಸ ಶುರುವಾದದ್ದೂ ಏಚ್ಚಿಯಿಂದ. ಜೋಮು ಹಿಡಿದ ಬೆರಳಿಗೆ ಕೆಲಸ ಬೇಕು ಅಂತ ಕ್ರೋಶಾ ಕಡ್ಡಿ ಹಿಡಿಸಿದರು. ಮೊದಲು ಹಾಕಿದ್ದು ನನ್ನ ಬೋಳು ತಲೆಗೆ ಟೊಪ್ಪಿ. ಬಿಳಿ ಟೊಪ್ಪಿ ಹಾಕಿಕೊಂಡರೆ ಇನ್ನೂ ರೋಗಿಯ ಹಾಗೆ ಕಾಣುತ್ತೇನೆ ಅಂತ ಗೊಣಗಿದೆ, ಬಣ್ಣ ಹಾಕೋಣ ಅಂದರು. ನಾನು ಉತ್ಸಾಹದಲ್ಲಿ ಬಚ್ಚಲಿನ ತಾಮ್ರದ ಹಂಡೆಯಲ್ಲೇ ಕುದಿಸಲು ಹೊರಟಾಗ ಸಿಕ್ಕಿದ ಬೈಗುಳ ಇನ್ನೂ ಕಿವಿಯಲ್ಲಿ ಉಂಟು. ತಾಮ್ರ ಬಣ್ಣವನ್ನು ಮಂಕು ಮಾಡುತ್ತದೆ, ಸ್ಟೀಲಿನ ಪಾತ್ರೆ ತಾ ಅಂತ. 412 ಲಡಿಯನ್ನೂ ಅಂಟುವಾಳದಲ್ಲಿ ತೊಳೆದದ್ದು ಅವರೇ. ಸಂಬಳ ಅಂತ ಕೊಡಲು ಹೋದರೆ ಮೂರು ದಿನ ಮಾತು ಬಿಟ್ಟರು.

ಈಗ ಒಂದು ತಕರಾರು. ತಪಾಸಣೆಗೆ ನಾಲ್ಕು ಸಲ ಗಾಡಿ ಹೋಯಿತಲ್ಲ? ನಾಲ್ಕು ಸಲವೂ ಬೆಳಿಗ್ಗೆ ಆರಕ್ಕೆ ಬಂದು ತಲೆ ಎಣಿಸಿದ್ದು ಏಚ್ಚಿ. ಬರಲು ನಾಚುವವರನ್ನು ಮನೆಯಿಂದ ಎಬ್ಬಿಸಿ ತಂದದ್ದೂ ಏಚ್ಚಿ. ಗಾಡಿಯ ಬಾಗಿಲು ಹಾಕಿ, ಹೋಗಿ ಬನ್ನಿ ಅಂತ ಕೈ ಬೀಸಿ, ಅವರು ಮನೆಗೆ ಹೋಗಿಬಿಡುತ್ತಾರೆ. ವಯಸ್ಸು ಅರವತ್ತಮೂರು, ಸ್ವಂತ ಅಕ್ಕನಿಗೆ ಬಂದಿತ್ತು. ಇವತ್ತಿನ ತನಕ ಒಮ್ಮೆಯೂ ತೋರಿಸಿಲ್ಲ. ಮೊದಲ ಸಲ ಕೇಳಿದಾಗ ಮಂಡಿ ನೋವು ಅಂದರು. ಎರಡನೆಯ ಸಲ ಕೋಳಿಗೆ ಕಾವು. ಮೂರನೆಯ ಸಲ ಸೀಟಿಲ್ಲ, ಬೇರೆಯವರು ಹೋಗಲಿ ಅಂದರು. ನಾಲ್ಕನೆಯ ಸಲ ನಾನು ಕೇಳಲಿಲ್ಲ, ಅವರ ಮುಖ ನೋಡಿದೆ. ಅವರು ಬೇರೆ ಕಡೆ ನೋಡಿದರು.

ಅವರಿಗೆ ಕನ್ನಡ ಓದಲು ಬಾರದು. ಇದನ್ನು ನಾನೇ ಅವರ ಜಗಲಿಯಲ್ಲಿ ಕೂತು ಓದಿ ಹೇಳುವವಳಿದ್ದೇನೆ, ಇವತ್ತು ಸಂಜೆ. ಅರ್ಧಕ್ಕೆ ಎದ್ದು ಹೋಗುತ್ತಾರೆ ಅಂತ ಗೊತ್ತು. ಹೋಗಲು ಬಿಡುವುದಿಲ್ಲ. ಒಂದು ಲಡಿ ತೆಗೆದುಕೊಂಡು ಹೋಗಿ ಅವರ ಕೈಗೆ ಸಿಕ್ಕಿಸಿಯೇ ಓದುತ್ತೇನೆ.

ಕೈಯಲ್ಲಿ ಉಳಿದ 6,290ರಲ್ಲಿ ಐದನೆಯ ಗಾಡಿ ಗೊತ್ತು ಮಾಡಿ ಆಯಿತು. ಫೆಬ್ರವರಿ 4, ಕ್ಯಾನ್ಸರ್ ದಿನದಂದೇ, ಬೆಳಿಗ್ಗೆ ಆರೂವರೆಗೆ ಭಜನಾ ಮಂದಿರದ ಎದುರು. ಈ ಸಲ ತಲೆ ಎಣಿಸುವುದು ನಾನು. ಕೋಳಿಗಳನ್ನು ನಮ್ಮವರು ನೋಡಿಕೊಳ್ಳುತ್ತಾರೆ. ಏಚ್ಚಿ, ಮಂಡಿ ಚಾಚಲು ಜಾಗ ಇರಲಿ ಅಂತ ಮುಂದಿನ ಸೀಟು ನಿಮಗೆ ಇಟ್ಟಿದ್ದೇನೆ, ಕಿಟಕಿಯ ಪಕ್ಕ.